ಸೆಲಿಗುಡ್ಡದ ವಯಸ್ಸು

ಕೊಪ್ಪಳ ಹೊಸದಾಗಿ ಜಿಲ್ಲೆಯಾದ ವರ್ಷ ನಾನು ಭೂವಿಜ್ಞಾನದ ಕೆಲಸಕ್ಕೆ ಸೇರಿದೆ. ಎಂ.ಎಸ್ಸಿ. ಮುಗಿಸಿ ಬಂದವಳಿಗೆ ಕೈಗೊಂದು ಸುತ್ತಿಗೆ, ಹೆಗಲಿಗೊಂದು ಚೀಲ, ಓಡಾಡಲು ಜೀಪು ಸಿಗುತ್ತದೆ ಅಂದುಕೊಂಡಿದ್ದೆ. ಮೊದಲ ದಿನ ನಮ್ಮ ತಂಡದ ಮುಖ್ಯಸ್ಥರಾದ ಕುಲಕರ್ಣಿ ಸಾಹೇಬರು ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂಡಿಸಿ ಕೈಗೆ ಒಂದು ಸೂಜಿ ಕೊಟ್ಟರು. ಗಾಜಿನ ತಟ್ಟೆಯಲ್ಲಿ ಒಂದು ಚಿಟಿಕೆ ಕಲ್ಲಿನ ಪುಡಿ ಇತ್ತು.

“ಇದರಾಗ ಜಿರ್ಕಾನ್ ಎಲ್ಲಾ ಆರಿಸಿ ಒಂದ ಕಡೆ ಇಡು. ಉಳಿದದ್ದು ನಮಗ ಬ್ಯಾಡ” ಎಂದರು.

ವಾರದ ಕೊನೆಗೆ ಊರಿಗೆ ಹೋದೆ. ನಮ್ಮದು ಗಂಗಾವತಿ ಹತ್ತಿರದ ಮರಳಿ ಎಂಬ, ಕಾಲುವೆ ನೀರಿನ ಭತ್ತದ ಊರು. ಸೋದರಮಾವ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದ. ಏನು ಕೆಲಸ ಎಂದು ಕೇಳಿದವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಅವ್ವನ ಕಡೆ ತಿರುಗಿ, “ಅಕ್ಕಾ, ಇಷ್ಟು ಓದಿ ನಿನ್ನ ಮಗಳು ಕಲ್ಲು ಆರಸಾಕತ್ತ್ಯಾಳ. ಅದು ನಮ್ಮ ಗಿರಣ್ಯಾಗೂ ಐತಿ, ಸಾಲಿ ಕಲಿಬೇಕಂತಿಲ್ಲ” ಎಂದು ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕಂತೆ ಮಾಡಿ ಒಳಗೆ ಹೋಗಿ ಕುಳಿತೆ. ಮುಂದೆ ಎಷ್ಟೋ ವರ್ಷ ಯಾರಾದರೂ ಕೆಲಸದ ಬಗ್ಗೆ ಕೇಳಿದರೆ “ಸಂಶೋಧನೆ” ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ.

ಈಗ ಈ ಕೆಲಸಕ್ಕೆ ಬರುವವರಿಗೆ ಆ ಸೂಜಿಯ ಕಾಲ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಸ್ವಲ್ಪ ವಿವರಿಸುತ್ತೇನೆ. ಜಿರ್ಕಾನ್ ಎಂಬುದು ಸಕ್ಕರೆ ಹರಳಿಗಿಂತ ಬಹಳ ಸಣ್ಣ ಖನಿಜದ ಕಾಳು. ಕರಗಿದ ಕಲ್ಲು ತಣ್ಣಗಾಗುವಾಗ ಅದರೊಳಗೆ ಹುಟ್ಟುತ್ತದೆ. ಹುಟ್ಟುವಾಗ ಒಂದಿಷ್ಟು ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಸೇರಿಸಿಕೊಳ್ಳುವುದಿಲ್ಲ. ಆ ಯುರೇನಿಯಂ ತಾನೇ ನಿಧಾನವಾಗಿ ಸೀಸವಾಗುತ್ತಾ ಹೋಗುತ್ತದೆ. ಕಾಳಿನಲ್ಲಿ ಎಷ್ಟು ಸೀಸ ಕೂಡಿದೆ ಎಂದು ಅಳೆದರೆ ಅದು ಹುಟ್ಟಿ ಎಷ್ಟು ಕಾಲವಾಯಿತೆಂದು ಹೇಳಬಹುದು. ಒಂದು ಚೀಲ ಕಲ್ಲನ್ನು ಪುಡಿ ಮಾಡಿ, ತೊಳೆದು, ಅಯಸ್ಕಾಂತ ಹಿಡಿದು, ಭಾರವಾದ ದ್ರವದಲ್ಲಿ ಮುಳುಗಿಸಿ ತೆಗೆದರೆ ಕೊನೆಗೆ ಉಗುರಿನ ಮೇಲೆ ನಿಲ್ಲುವಷ್ಟು ಪುಡಿ ಉಳಿಯುತ್ತಿತ್ತು. ಅದರಿಂದ ಕಾಳು ಆರಿಸಿ ಹೊರ ಊರಿನ ದೊಡ್ಡ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದೆವು. ಅಲ್ಲಿ ಕಾಳುಗಳನ್ನೆಲ್ಲ ಒಟ್ಟಿಗೆ ಆಮ್ಲದಲ್ಲಿ ಕರಗಿಸಿ ಅಳೆಯುತ್ತಿದ್ದರು. ಒಟ್ಟಿಗೆ ಎಂಬ ಮಾತನ್ನು ಗಮನಿಸಿ. ನನ್ನ ಕಥೆಯೆಲ್ಲ ಇರುವುದು ಅದರಲ್ಲೇ.

ಸಾಹೇಬರು ಕೆಲಸದ ವಿಷಯದಲ್ಲಿ ಬಿಗಿ ಮನುಷ್ಯ. ಒಮ್ಮೆ ತುಂಗಭದ್ರೆಯ ಮರಳನ್ನು ಅರೆದಾದ ಮೇಲೆ ಕಲ್ಲು ಪುಡಿ ಮಾಡುವ ಯಂತ್ರದ ದವಡೆಯನ್ನು ನಾನು ಸರಿಯಾಗಿ ಉಜ್ಜಲಿಲ್ಲ. ಮರುದಿನ ಅದರಲ್ಲೇ ಯಲಬುರ್ಗಾ ಕಡೆಯ ಗ್ರಾನೈಟ್ ಅರೆದೆ. ತಟ್ಟೆಗೆ ಹಾಕಿ ನೋಡಿದರೆ ಮೊನಚಾದ ಕಾಳುಗಳ ನಡುವೆ ಹೊಳೆಯಲ್ಲಿ ಉರುಳಿ ಉರುಳಿ ಗುಂಡಗಾದ ಕಾಳುಗಳು. ಸಾಹೇಬರು ಒಂದು ನಿಮಿಷ ನೋಡಿ ತಲೆ ಎತ್ತಿದರು.

“ಗಿರಿಜಾ, ಯಲಬುರ್ಗಾದ ಗುಡ್ಡದ ಮ್ಯಾಲೆ ಹೊಳಿ ಹರಿತದೇನು?”

ನನಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಆಫೀಸಿನ ಎಲ್ಲರೂ ನೋಡುತ್ತಿದ್ದರು. ಸಾಹೇಬರು ಬೈಯಲಿಲ್ಲ. ಅಂಗಿಯ ತೋಳು ಮಡಚಿ, ತಂತಿಯ ಬ್ರಷ್ ಹಿಡಿದು ನನ್ನ ಪಕ್ಕದಲ್ಲೇ ಕುಳಿತು ಯಂತ್ರ ಉಜ್ಜಿದರು. “ನಾವು ಹೇಳೋ ವಯಸ್ಸನ್ನ ಯಾರೂ ತಿರುಗಿ ಪರೀಕ್ಷಾ ಮಾಡಂಗಿಲ್ಲ. ಮಂದಿ ನಂಬತಾರ. ಅದಕ್ಕ ನಾವು ಭಾಳ ಅಂಜಿ ಕೆಲಸ ಮಾಡಬೇಕು” ಎಂದರು. ಅವರು ಎಂಥವರು ಎಂದು ತಿಳಿಯಲಿ ಎಂದು ಇದನ್ನು ಬರೆದೆ. ಮುಂದಿನದನ್ನು ಓದುವಾಗ ಯಾರೂ ಅವರನ್ನು ಹಗುರಾಗಿ ನೋಡಬಾರದು.

ಸೇರಿದ ಎರಡನೆಯ ಬೇಸಿಗೆಯಲ್ಲಿ ನಾವು ಕುಷ್ಟಗಿಯಿಂದ ಒಳಗೆ ಹೋಗುವ ಒಂದು ಊರಿಗೆ ಹೋದೆವು. ಊರಿನ ಹೆಸರು ಬರೆಯುವುದಿಲ್ಲ. ಊರ ಹಿಂದೆ ಪಟ್ಟೆಪಟ್ಟೆಯ ಕಪ್ಪು ಬೂದು ಕಲ್ಲಿನ ಗುಡ್ಡ. ಅದನ್ನು ಅಡ್ಡಕ್ಕೆ ಸೀಳಿದಂತೆ ಬಿಳಿ ಬೆಣಚು ಕಲ್ಲಿನ ಒಂದು ಪಟ್ಟಿ ಮೇಲಿನಿಂದ ಬುಡದವರೆಗೆ ಇಳಿದಿತ್ತು. ಪಟ್ಟಿ ಮುಗಿಯುವಲ್ಲಿ ಒಂದು ನೀರಿನ ಸೆಲೆ. ಬಿರುಬೇಸಿಗೆಯಲ್ಲೂ ಅಲ್ಲಿ ಒಂದು ಹೊಂಡ ತುಂಬುವಷ್ಟು ನೀರು. ಊರವರು ಅದನ್ನು ಸೆಲಿಗುಡ್ಡ ಎನ್ನುತ್ತಿದ್ದರು.

ಅಲ್ಲಿ ಕುರಿ ನೀರಿಗೆ ಬಿಟ್ಟುಕೊಂಡು ಯಮನವ್ವ ಎಂಬ ಹೆಂಗಸು ನಿಂತಿದ್ದಳು. ನನಗಿಂತ ಹತ್ತು ವರ್ಷ ಹಿರಿಯಳಿರಬೇಕು. ನಾನು ಬಿಸಿಲಿಗೆ ಬಸವಳಿದಿದ್ದನ್ನು ನೋಡಿ ಕುರಿಗಳನ್ನು ಹಿಂದಕ್ಕೆ ಅಟ್ಟಿ, ತಂಬಿಗೆಯಲ್ಲಿ ನೀರು ತುಂಬಿ ಕೊಟ್ಟಳು.

“ಕುಡೀರಿ ಅಕ್ಕಾರ. ಈ ನೀರು ಕುಡದ್ರ ಹೊಟ್ಟಿ ತಣ್ಣಗ ಆಕ್ಕೈತಿ. ಈ ಕಲ್ಲು ಒಡದು ಏನ್ ಮಾಡ್ತೀರಿ?”

“ಇದರ ವಯಸ್ಸು ನೋಡ್ತೀವಿ.”

“ವಯಸ್ಸು ನೋಡಿ?”

ನಾನು ಸಾಹೇಬರ ಕಡೆ ತಿರುಗಿದೆ. ಸಾಹೇಬರು, “ಭೂಮಿ ಹೆಂಗ ಆತು ಅಂತ ತಿಳಿತದವ್ವಾ” ಎಂದರು. ಅವಳು ತಲೆಯಾಡಿಸಿ ಕುರಿ ಕಡೆ ಹೋದಳು.

ಆ ಕಲ್ಲಿನಲ್ಲಿ ಎರಡು ತರಹದ ಕಾಳು ಸಿಕ್ಕವು. ಕೆಲವು ತಿಳಿಯಾದ ಗಾಜಿನಂಥವು, ಕೆಲವು ಹಾಲು ಒಡೆದಂತೆ ಮಸುಕಾದವು. “ಮಸುಕಾದವು ಬ್ಯಾಡ. ಅವುಗಳೊಳಗಿನ ಸೀಸ ಸೋರಿ ಹೋಗಿರ್ತದ. ಅವು ಸುಳ್ಳು ಹೇಳತಾವ” ಎಂದರು ಸಾಹೇಬರು. ಆ ಕಾಲದ ಪದ್ಧತಿಯೇ ಅದು. ತಿಳಿಯಾದವನ್ನು ಆರಿಸಿ ಕಳಿಸಿದೆ. ಉತ್ತರ ಬಂತು: ಸುಮಾರು ಮುನ್ನೂರು ಕೋಟಿ ವರ್ಷ. ಸುತ್ತಲಿನ ಗುಡ್ಡಗಳೆಲ್ಲ ಇನ್ನೂರೈವತ್ತು ಕೋಟಿಯ ಆಸುಪಾಸಿನವು. ಇದು ಎಲ್ಲಕ್ಕಿಂತ ಹಿರಿಯದು ಎಂದಾಯಿತು.

ಊರಿನ ಶಾಲೆಯ ಹೆಡ್‌ಮಾಸ್ತರ್ ಹನಮಂತಪ್ಪನವರು ಇದನ್ನು ಕೇಳಿ ಸ್ವಾತಂತ್ರ್ಯ ದಿನಕ್ಕೆ ನಮ್ಮನ್ನು ಕರೆದರು. ಸಾಹೇಬರು ಅರ್ಧ ಗಂಟೆ ಮಾತನಾಡಿದರು. “ಈ ಸೀಮ್ಯಾಗ ನಿಮ್ಮ ಗುಡ್ಡದಷ್ಟು ಹಳೇದು ಯಾವುದೂ ಇಲ್ಲ” ಎಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಮಾಸ್ತರರು ಗುಡ್ಡದ ಒಂದು ಕಲ್ಲನ್ನು ಶಾಲೆಯ ಮುಂದೆ ಕಟ್ಟೆ ಕಟ್ಟಿ ನಿಲ್ಲಿಸಿ, ಅದರ ವಯಸ್ಸನ್ನು ಬಿಳಿ ಬಣ್ಣದಲ್ಲಿ ಬರೆಸಿದರು. ಆ ದಾರಿಯಲ್ಲಿ ಹೋದಾಗಲೆಲ್ಲ ನಮಗೆ ಚಹಾ ಕುಡಿಸದೆ ಕಳಿಸುತ್ತಿರಲಿಲ್ಲ. ಹದಿನಾರು ಹದಿನೇಳು ವರ್ಷ ಹೀಗೇ ನಡೆಯಿತು.

ಅಷ್ಟರಲ್ಲಿ ನಮ್ಮ ಕೆಲಸದ ರೀತಿಯೇ ಬದಲಾಗಿತ್ತು. ಕಾಳನ್ನು ಕರಗಿಸುವ ಬದಲು ಅಂಟಿನಲ್ಲಿ ಕೂಡಿಸಿ, ಅರ್ಧಕ್ಕೆ ತೇದು, ಒಳಗಿನ ಚಿತ್ರ ತೆಗೆಯುವುದು ಬಂತು. ಆಮೇಲೆ ಬೇಕಾದ ಜಾಗಕ್ಕಷ್ಟೇ ಲೇಸರ್ ಕಿರಣ ಬಿಟ್ಟು, ಆ ಚುಕ್ಕೆಯ ವಯಸ್ಸನ್ನು ಮಾತ್ರ ಅಳೆಯುವುದು ಬಂತು. ನಸ್ರೀನ್ ಎಂಬ ಕೊಪ್ಪಳದ ಹುಡುಗಿ ಇದನ್ನು ಕಲಿತು ನಮ್ಮ ತಂಡಕ್ಕೆ ಬಂದಳು. ಹಳೆಯ ಕಾಳುಗಳಲ್ಲಿ ಉಳಿದಿದ್ದವನ್ನು ತಾನು ನೋಡುತ್ತೇನೆ ಎಂದಳು. ಸೆಲಿಗುಡ್ಡದವನ್ನು ಸಂತೋಷದಿಂದಲೇ ಕೊಟ್ಟೆ.

ಚಿತ್ರಗಳು ಬಂದವು. ನಾನು ಒಂದೇ ಎಂದುಕೊಂಡಿದ್ದ ಪ್ರತಿ ಕಾಳಿನೊಳಗೂ ಎರಡು ಕಾಳುಗಳಿದ್ದವು. ನಡುವೆ ತುಂಡಾದ, ಅಂಚು ಸವೆದ ಒಂದು ತಿರುಳು. ಅದರ ಸುತ್ತ ಆಮೇಲೆ ಬೆಳೆದ ಒಂದು ಹೊದಿಕೆ. ತಿರುಳುಗಳ ವಯಸ್ಸು ಒಂದೊಂದರದು ಒಂದೊಂದು, ಕೆಲವು ಮುನ್ನೂರು ಕೋಟಿಗಿಂತಲೂ ಬಹಳ ಹಿಂದಿನವು. ಹೊದಿಕೆಗಳೆಲ್ಲ ಒಂದೇ ವಯಸ್ಸಿನವು, ಇನ್ನೂರೈವತ್ತು ಕೋಟಿಯವು. ಭೂಮಿಯ ಆಳದ ಬಿಸಿಗೆ ಹಳೆಯ ಕಲ್ಲುಗಳು ಕರಗಿಹೋಗಿದ್ದವು. ಕರಗದೆ ಉಳಿದ ಜಿರ್ಕಾನ್ ಚೂರುಗಳು ಹೊಸ ಕಲ್ಲಿನೊಳಗೆ ಸೇರಿ ಮೈಮೇಲೆ ಹೊಸ ಪದರ ಬೆಳೆಸಿಕೊಂಡಿದ್ದವು. ಗುಡ್ಡವೆಂದು ನಿಂತ ಕಲ್ಲಿಗೆ ಸುತ್ತಲಿನ ಗುಡ್ಡಗಳಷ್ಟೇ ವಯಸ್ಸು. ನಾವು ತಿರುಳು ಹೊದಿಕೆ ಎರಡನ್ನೂ ಒಟ್ಟಿಗೆ ಕರಗಿಸಿ ನಡುವಿನ ಒಂದು ಸಂಖ್ಯೆಯನ್ನು ಹೇಳಿದ್ದೆವು. ಮುನ್ನೂರು ಕೋಟಿ ವರ್ಷದ ಹಿಂದೆ ಅಲ್ಲಿ ಏನೂ ನಡೆದಿರಲೇ ಇಲ್ಲ.

ಸಾಹೇಬರು ನಿವೃತ್ತರಾಗಿ ಧಾರವಾಡದಲ್ಲಿದ್ದರು. ಹೋಗಿ ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಹಂಗಾದ್ರ ನಾ ಹೇಳಿದ ವಯಸ್ಸು ಯಾವುದರದು?”

“ಯಾವುದರದೂ ಅಲ್ಲ ಸರ್.”

ಅವರು ಕನ್ನಡಕ ತೆಗೆದರು. “ಆ ಊರವರಿಗೆ ಹೇಳಿದಿ ಏನು?”

“ಇನ್ನೂ ಇಲ್ಲ.”

“ಹೇಳು. ನಾನs ಬರಬೇಕು, ಖರೆ. ಆದ್ರ ಆ ಕಟ್ಟಿ ಮುಂದ ಹೋಗಿ ನಿಲ್ಲಾಕ ನನ್ನ ಕಡೆಯಿಂದ ಆಗಂಗಿಲ್ಲ.”

ನನಗೆ ಯಂತ್ರ ಉಜ್ಜಿಕೊಟ್ಟ ಮನುಷ್ಯ ತಲೆ ತಗ್ಗಿಸಿ ಕುಳಿತಿದ್ದನ್ನು ನೋಡಲಾಗದೆ ಬೇಗ ಎದ್ದು ಬಂದೆ.

ನಾನು ಆ ಊರಿಗೆ ಹೋಗುವ ಮೊದಲೇ ಬೇರೊಂದು ಸುದ್ದಿ ಬಂತು. ಸೆಲಿಗುಡ್ಡದಲ್ಲಿ ಕಲ್ಲಿನ ಕ್ವಾರಿ ಮಾಡಲು ಯಾರೋ ಅರ್ಜಿ ಹಾಕಿದ್ದರು. ಊರವರು ತಕರಾರು ಎತ್ತಿದ್ದರು. ಈ ಗುಡ್ಡ ಸೀಮೆಗೇ ಹಳೆಯದು, ಸರಕಾರದ ವಿಜ್ಞಾನಿಗಳೇ ಹೇಳಿದ್ದಾರೆ, ಇದನ್ನು ಒಡೆಯಬಾರದು ಎಂಬುದು ಅವರ ವಾದ. ಮಾಸ್ತರರು ಆಗ ನಿವೃತ್ತರಾಗಿದ್ದರೂ ಮುಂದೆ ನಿಂತು ಇದನ್ನೆಲ್ಲ ಬರೆದುಕೊಟ್ಟಿದ್ದರು. ವಿಚಾರಣೆಗೆ ನಮ್ಮ ಆಫೀಸಿನಿಂದ ಒಬ್ಬರು ಬಂದು ವಯಸ್ಸು ಹೇಳಬೇಕೆಂದು ಕರೆ ಬಂತು. ನಾನು ಹೋದೆ.

ವಿಚಾರಣೆ ನಡೆಯುವ ಜಿಲ್ಲಾ ಕಚೇರಿಯ ಪಡಸಾಲೆಯಲ್ಲಿ ಊರಿನ ಮಂದಿ ಕುಳಿತಿದ್ದರು. ನನ್ನನ್ನು ಕಂಡದ್ದೇ ಮಾಸ್ತರರು ಎದ್ದು ಬಂದರು. ಮುಖ ಅರಳಿತ್ತು.

“ಮೇಡಂ ಬಂದ್ರು ನೋಡ್ರಿ. ಇನ್ನ ಚಿಂತಿ ಇಲ್ಲ.”

“ಮಾಸ್ತರ, ನಿಮ್ಮ ಜೋಡಿ ಒಂದು ಮಾತು ಆಡೋದೈತಿ” ಎಂದೆ. ಅಷ್ಟರಲ್ಲಿ ಒಳಗಿನಿಂದ ಕರೆದರು. ಮಾಸ್ತರರು, “ಮದ್ಲ ಒಳಗಿಂದು ಮುಗೀಲಿ ಬರ್ರಿ. ಆಮ್ಯಾಲೆ ಚಾ ಕುಡಕೋತ ಮಾತಾಡೂಣು” ಎಂದು ನನ್ನ ಮುಂದೆಯೇ ನಡೆದರು.

ಅಧಿಕಾರಿ ನಡುವಯಸ್ಸಿನವರು, ಅವಸರದಲ್ಲಿದ್ದರು. “ಮೇಡಂ, ಈ ಕಲ್ಲಿನ ವಯಸ್ಸು ಎಷ್ಟು?”

ನಾನು ತಿರುಳು ಹೊದಿಕೆಗಳಿಂದ ಶುರು ಮಾಡಿದೆ. ಅವರು ಕೈ ಎತ್ತಿದರು. “ಅದೆಲ್ಲಾ ನನಗ ತಿಳಿಯೂದಿಲ್ಲ. ಒಂದು ನಂಬರ್ ಹೇಳ್ರಿ.”

“ಇನ್ನೂರೈವತ್ತು ಕೋಟಿ ವರ್ಷ.”

“ಇಲ್ಲಿ ಮುನ್ನೂರು ಅಂತ ಐತಲ್ಲ?”

“ಅದು ಹಳೇ ಪದ್ಧತಿ. ತಪ್ಪಾಗಿತ್ತು.”

“ಬಾಜೂ ಗುಡ್ಡಗಳ ವಯಸ್ಸು?”

“ಹೆಚ್ಚುಕಡಿಮಿ ಅಷ್ಟs.”

“ಅಂದ್ರ ಈ ಗುಡ್ಡದಾಗ ವಿಶೇಷ ಏನಿಲ್ಲ.”

ಅದು ಪ್ರಶ್ನೆಯೋ ತೀರ್ಮಾನವೋ ಎಂದು ನಾನು ಯೋಚಿಸುವಷ್ಟರಲ್ಲಿ ಗುಮಾಸ್ತ ಬರೆದುಕೊಂಡಾಗಿತ್ತು. ಕ್ವಾರಿಯವರ ಕಡೆಯ ವಕೀಲರು ನನಗೆ ನಮಸ್ಕಾರ ಮಾಡಿದರು. ಹಿಂದಿನಿಂದ ಯಮನವ್ವನ ದನಿ ಕೇಳಿಸಿತು. “ಸಾಹೇಬ್ರ, ಅಲ್ಲಿ ನಮ್ಮ ನೀರು ಐತಿ.” ಅಧಿಕಾರಿ, “ಅದು ಈ ಅರ್ಜ್ಯಾಗ ಇಲ್ಲವ್ವ. ವಯಸ್ಸಿನ ಮ್ಯಾಲೆ ನೀವು ತಕರಾರು ಮಾಡೀರಿ” ಎಂದರು. ಅವಳು ನನ್ನನ್ನು ನೋಡಿದಳು. ಆ ನೀರು ಕುಡಿದವಳು ನಾನು, ಬಿಳಿ ಪಟ್ಟಿಯ ಬುಡದಿಂದ ಅದು ಜಿನುಗುವುದನ್ನು ಕಣ್ಣಾರೆ ಕಂಡವಳು. ನನ್ನನ್ನು ಕೇಳಿದ್ದು ವಯಸ್ಸು, ಹೇಳಿಯಾಗಿದೆ ಎಂಬಂತೆ ಕುಳಿತಿದ್ದೆ.

ಹೊರಗೆ ಬಂದ ಮೇಲೆ ಮಾಸ್ತರರು ಚಹಾದ ಮಾತು ಎತ್ತಲಿಲ್ಲ. ಮೆಟ್ಟಿಲ ಹತ್ತಿರ ನಿಂತು ಮೆಲ್ಲಗೆ ಕೇಳಿದರು.

“ಮೇಡಂ, ಅವತ್ತು ಸಾಹೇಬ್ರು ಹೇಳಿದ್ದು ಸುಳ್ಳೇನ್ರಿ?”

“ಸುಳ್ಳಲ್ಲ ಮಾಸ್ತರ. ತಪ್ಪು.”

“ನಾ ಎಷ್ಟೋ ಹುಡುಗ್ರಿಗೆ ಪಾಠ ಮಾಡೀನ್ರಿ. ಅವರಿಗೆಲ್ಲಾ ಈಗ ಹೆಂಗ ಹೇಳ್ಲಿ?”

ಮಾಸ್ತರರು ಉತ್ತರಕ್ಕೆ ಕಾಯದೆ ಬಸ್ಸಿನ ಕಡೆ ನಡೆದರು.

ಕ್ವಾರಿಗೆ ಅನುಮತಿ ಸಿಕ್ಕಿತು. ವರ್ಷ ತುಂಬುವುದರೊಳಗೆ ಗುಡ್ಡದ ಒಂದು ಮಗ್ಗುಲು ಸವರಿದಂತಾಯಿತು. ಇದನ್ನು ಬರೆಯುವುದಕ್ಕೆ ಹಿಂಜರಿಕೆ ಇದೆ, ಆದರೂ ಬರೆಯುತ್ತೇನೆ: ನಮಗೆ ಅದರಿಂದ ಲಾಭವಾಯಿತು. ಮಳೆ ಬಿಸಿಲು ತಾಗದ ಒಳಗಿನ ಕಲ್ಲು ಹೊರಬಿದ್ದಿತ್ತು. ನಸ್ರೀನ್ ಬೆಣಚು ಪಟ್ಟಿಯ ಅಂಚಿನಿಂದ ಒಳ್ಳೊಳ್ಳೆಯ ತುಂಡುಗಳನ್ನು ತಂದಳು. ಅದರಲ್ಲಿ ಸಿಕ್ಕದ್ದು ಸಾಹೇಬರು ಬೇಡವೆಂದು ಎಸೆಯುತ್ತಿದ್ದ ಮಸುಕಾದ ಕಾಳುಗಳೇ.

ಅವು ಸುಳ್ಳು ಹೇಳುತ್ತಿರಲಿಲ್ಲ, ನಮಗೆ ಕೇಳಲು ಬರುತ್ತಿರಲಿಲ್ಲ. ಜಿರ್ಕಾನಿನೊಳಗಿನ ಯುರೇನಿಯಂ ಕಾಲ ಕಳೆದಂತೆ ಕಾಳಿನ ಕಟ್ಟನ್ನೇ ಒಳಗಿನಿಂದ ಕೆಡಿಸುತ್ತದೆ. ಹಾಗೆ ಸಡಿಲಾದ ಕಾಳಿಗೆ ಕಲ್ಲಿನ ಬಿರುಕಿನಲ್ಲಿ ಏರಿ ಬರುವ ಬಿಸಿ ನೀರು ನುಗ್ಗುತ್ತದೆ. ಸೀಸವನ್ನು ತೊಳೆದೊಯ್ದು, ಕಬ್ಬಿಣ, ಸುಣ್ಣದಂಶಗಳನ್ನು ಒಳಗಿಟ್ಟು, ಕಾಳನ್ನು ತೂತುತೂತಾಗಿ ಮಾಡಿಬಿಡುತ್ತದೆ. ಕೆಲವು ಕಡೆ ಅದೇ ನೀರಿನಿಂದ ಹೊಸ ಜಿರ್ಕಾನ್ ಕೂಡ ಹುಟ್ಟುತ್ತದೆ. ನಸ್ರೀನ್ ಕೆಟ್ಟ ಕಾಳು, ಹೊಸದಾಗಿ ಹುಟ್ಟಿದ ಕಾಳು ಎರಡನ್ನೂ ಬೇರೆಬೇರೆ ಮಾಡಿ ತೋರಿಸಿದಳು. ಗುಡ್ಡ ನಿಂತ ಎಷ್ಟೋ ಕಾಲದ ಮೇಲೆ ಆ ಬಿರುಕಿನಲ್ಲಿ ಬಿಸಿ ನೀರು ಓಡಾಡಿತ್ತು. ಬೆಣಚು ತುಂಬಿಕೊಂಡದ್ದೂ ಆ ನೀರಿನಿಂದಲೇ. ಆಫೀಸಿನಲ್ಲಿ ಎಲ್ಲರೂ ಅವಳನ್ನು ಹೊಗಳಿದರು. ನನಗೂ ಹೆಮ್ಮೆಯೇ. ಅಷ್ಟರಲ್ಲಿ ಅವಳು ಕೇಳಿದಳು:

“ಮೇಡಂ, ಬಿಸಿನೀರು ಬಂದ ಬಿರುಕಿನ್ಯಾಗs ಈಗ ಸೆಲಿ ನೀರು ಬರಾಕತ್ತೈತಿ. ಇನ್ನೂ ಸ್ವಲ್ಪ ಒಡದ್ರ ಅದು ಹೋಕ್ಕೈತಿ ಅಲ್ರಿ? ವಿಚಾರಣ್ಯಾಗ ಇದನ್ನ ಹೇಳಿದ್ರೇನು?”

“ಕೇಳಲಿಲ್ಲ” ಎಂದೆ.

ಅವಳು ಕಲ್ಲಿನ ತುಂಡುಗಳನ್ನು ಎತ್ತಿಕೊಂಡು ತನ್ನ ಮೇಜಿಗೆ ಹೋದಳು. ಚಿಕ್ಕವಳು, ಮುಂದೆ ಕೇಳುವುದು ಸರಿಯಲ್ಲವೆನಿಸಿರಬೇಕು. ಆ ದಿನ ನಾನು ಊಟದ ಡಬ್ಬಿ ತೆರೆಯಲಿಲ್ಲ. ಆಮೇಲೆ ಸೆಲೆಯ ವಿಷಯ ವಿವರಿಸಿ ಮೇಲಿನವರಿಗೆ ಬರೆದೆ. ಆ ಪ್ರಕರಣ ಮುಗಿದಿದೆ, ನೀರು ನಮ್ಮ ವಿಭಾಗಕ್ಕೆ ಬರುವುದಿಲ್ಲ ಎಂಬ ಉತ್ತರ ಬಂತು. ವಿಚಾರಣೆ ನಡೆದ ಕಚೇರಿಗೆ ಹೋಗಿ ನಿಂತೆ. ಅಧಿಕಾರಿ ಬದಲಾಗಿದ್ದರು, ಊರವರು ಹೊಸ ಅರ್ಜಿ ಕೊಟ್ಟರೆ ನೋಡಬಹುದೆಂದರು. ಊರವರಿಗೆ ಅದನ್ನು ಹೇಳಲು ಜೀಪು ಹತ್ತಿ ಹೊರಟವಳು ಕುಷ್ಟಗಿಯಿಂದಲೇ ವಾಪಸು ಬಂದೆ. ಮಾಸ್ತರರ ಮುಖ ನೋಡುವ ಶಕ್ತಿ ಬರಲಿಲ್ಲ. ಸಾಹೇಬರನ್ನು ಅವತ್ತು ನಾನು ಒಳಗೊಳಗೇ ಅಂಜುಬುರುಕ ಎಂದುಕೊಂಡಿದ್ದೆ. ನಾನೂ ಅಲ್ಲಿಗೇ ಬಂದು ನಿಂತಿದ್ದೆ. ಅದೇ ಸ್ಥಿತಿಯಲ್ಲಿ, ಅವಧಿ ಮುಗಿಯುವ ಮೊದಲೇ, ಸ್ವಯಂ ನಿವೃತ್ತಿ ಪಡೆದೆ.

ಹೊಸಬರು ಯಾರಾದರೂ ಬಂದು, ಮೇಡಂ ನಮಗೇನಾದರೂ ಹೇಳಿ ಎಂದರೆ ನಾನು ಉಪಕರಣದ ಮಾತು ಆಡುವುದಿಲ್ಲ. ಅದನ್ನು ನಿಮಗೆ ನನಗಿಂತ ಚೆನ್ನಾಗಿ ಕಲಿಸುವವರಿದ್ದಾರೆ. ಕಲ್ಲಿಗೆ ಒಂದೇ ವಯಸ್ಸಿರುವುದಿಲ್ಲ. ಹುಟ್ಟಿದ್ದು ಒಂದು ಕಾಲ, ಬೆಂದದ್ದು ಒಂದು ಕಾಲ, ನೀರು ಹೊಕ್ಕದ್ದು ಇನ್ನೊಂದು ಕಾಲ. ಯಾರಾದರೂ ಒಂದು ನಂಬರ್ ಹೇಳಿ ಎಂದು ಅವಸರ ಮಾಡಿದರೆ, ಆ ನಂಬರಿನಿಂದ ಏನು ಮಾಡುತ್ತೀರಿ ಎಂದು ತಿರುಗಿ ಕೇಳಿ. ಅಷ್ಟು ಕೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ.

ನಿವೃತ್ತಿಯ ಮರುವರ್ಷ ನಸ್ರೀನ್ ಫೋನ್ ಮಾಡಿದಳು. ಸೆಲೆಯ ನೀರು ರಾಡಿಯಾಗಿ, ಕುರಿ ಸಹ ಮೂಸಿ ಹಿಂದೆ ಸರಿಯತೊಡಗಿದಾಗ ಊರಿನ ಹೆಂಗಸರು ಕೊಡ ತುಂಬಿಕೊಂಡು ಕಚೇರಿಗೆ ಹೋದರಂತೆ. ಯಮನವ್ವನೇ ಮುಂದೆ. ಕೊಡಗಳನ್ನು ಅಧಿಕಾರಿಯ ಬಾಗಿಲಲ್ಲಿಟ್ಟು, ಇದರಲ್ಲಿ ಒಂದು ಗುಟುಕು ಕುಡಿದರೆ ನಾವು ತಿರುಗಿ ಹೋಗುತ್ತೇವೆ ಎಂದರಂತೆ. ಅಧಿಕಾರಿ ಗುಡ್ಡಕ್ಕೆ ಬಂದು ನೋಡಿದರು. ಬಿಳಿ ಪಟ್ಟಿಯ ಆಚೀಚೆ ಒಡೆಯಬಾರದೆಂದು ಆದೇಶವಾಯಿತು. ಕ್ವಾರಿ ಇನ್ನೊಂದು ಮಗ್ಗುಲಿಗೆ ಸರಿಯಿತು.

ಈ ಸಲ ಯಾರೂ ಗುಡ್ಡದ ವಯಸ್ಸು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಸುದ್ದಿ ತಿಳಿದ ಮೇಲೆ ಹೋಗದೆ ಇರಲಾಗಲಿಲ್ಲ. ಬಸ್ಸಿಳಿದು ಶಾಲೆಯ ಕಡೆ ನೋಡದೆ ನೇರ ಗುಡ್ಡದ ದಾರಿ ಹಿಡಿದೆ. ಯಮನವ್ವ ಬೇಲಿ ಹತ್ತಿರ ಸೌದೆ ಕಟ್ಟುತ್ತಿದ್ದಳು. ತಲೆಗೂದಲೆಲ್ಲ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿಯಲು ಅವಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

“ಬರ್ರಿ ಅಕ್ಕಾರ. ನೆಳ್ಳಿಗೆ ಕೂಡ್ರಿ. ಭಾಳ ದಿನಾ ಆತು ಈ ಕಡೆ ಬಂದು.”

ಕುಳಿತೆ. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆತು ಹೋಗಿತ್ತು. “ನೀವು ಕಚೇರಿಗೆ ಹೋಗಿದ್ದು ಕೇಳಿದೆ ಯಮನವ್ವಾ. ನನಗೊಂದು ಮಾತು ಹೇಳಿ ಕಳಸಬೇಕಾಗಿತ್ತು. ನಾನೂ ಬಂದು ನಿಂದರ್ತಿದ್ದೆ.”

“ಮಾಸ್ತರ ಅಂದಿದ್ದ, ಮೇಡಂ ಅವರ್ನ ಕರಿಯೂಣೇನು ಅಂತ. ನಾನs ಬ್ಯಾಡ ಅಂದೆ.” ಅವಳು ಸೌದೆಯ ಹಗ್ಗ ಬಿಗಿದು ಗಂಟು ಹಾಕಿ, ಪಕ್ಕದಲ್ಲಿ ಬಂದು ಕುಳಿತು ನನ್ನ ಮೊಣಕಾಲ ಮೇಲೆ ಕೈಯಿಟ್ಟಳು. “ಅವತ್ತು ಕಚೇರ್ಯಾಗ ನಿಮ್ಮ ಮಾರಿ ನೋಡಿದ್ದೆ. ಪಾಪ, ಎಷ್ಟು ಸಣ್ಣದಾಗಿತ್ತು. ಇನ್ನೊಮ್ಮೆ ಯಾಕ ನಿಮಗ ತ್ರಾಸ ಕೊಡೂದು, ನಮ್ಮ ನೀರಿಂದು ನಾವs ನೋಡ್ಕೊಳ್ಳೂಣು ಅಂದೆ.”

ಅವಳು ಬೈದಿದ್ದರೆ ಕೇಳಿಕೊಂಡು ಎದ್ದು ಬರುತ್ತಿದ್ದೆ. ಆ ಕೈಯನ್ನು ಸರಿಸಲೂ ಆಗದೆ, ಅವಳ ಮುಖ ನೋಡಲೂ ಆಗದೆ ಬಿಸಿಲು ಇಳಿಯುವವರೆಗೆ ಅಲ್ಲೇ ಕುಳಿತಿದ್ದೆ.